ಇಗ್ಬೊ ಸಂಪ್ರದಾಯ ಮತ್ತು ಆಫ್ರಿಕದ ಕಾದಂಬರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಆಫ್ರಿಕದ ಕಾದಂಬರಿ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವ ಹೆಸರು ನೈಜೀರಿಯಾದ ಇಗ್ಬೊ ಲೇಖಕ ಚಿನುವಾ ಅಚೆಬೆ. ಓದಿ ಮುಗಿಸಿದವರಿಗೆ ಬರುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಕೋಲಾ ಕಾಯಿ ಅಂದರೇನು? ಚಿ ಅಂದರೆ ಯಾರು? ಅವಳಿ ಮಕ್ಕಳನ್ನು ಕಾಡಿಗೆ ಎಸೆಯುತ್ತಿದ್ದ ಊರಿನ ಬಗ್ಗೆ ಲೇಖಕನಿಗೆ ಇಷ್ಟು ಪ್ರೀತಿ ಹೇಗೆ? ಅಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕಥೆಗಳ ಕೊನೆಯನ್ನೂ ಹೇಳಿದ್ದೇನೆ. ಮೊದಲು ಪುಸ್ತಕ ಓದಬೇಕು ಅನ್ನುವವರು ನೇರವಾಗಿ ಕಡೆಯ ಪ್ರಶ್ನೆಗೆ ಹೋಗಿ.

ಇಗ್ಬೊ ಜನ ಯಾರು? ಎಲ್ಲಿಯವರು?

ನೈಜೀರಿಯಾದ ಆಗ್ನೇಯ ಭಾಗದವರು. ಅನಾಂಬ್ರಾ, ಇಮೊ, ಎನುಗು, ಅಬಿಯಾ, ಎಬೊನ್ಯಿ ರಾಜ್ಯಗಳು ಅವರ ಮುಖ್ಯ ನೆಲೆ. ನೈಜರ್ ನದಿಯ ಪಶ್ಚಿಮ ದಂಡೆಯಲ್ಲೂ ಇದ್ದಾರೆ. ಸಂಖ್ಯೆ ಮೂರು ಕೋಟಿಗೂ ಜಾಸ್ತಿ ಎಂಬ ಅಂದಾಜಿದೆ. ಇಗ್ಬೊ-ಉಕ್ವು ಎಂಬ ಊರಿನಲ್ಲಿ 1938ರಲ್ಲಿ ಒಬ್ಬರು ಮನೆಯ ಹಿತ್ತಿಲಲ್ಲಿ ನೀರಿನ ಗುಂಡಿ ತೋಡುವಾಗ ಕಂಚಿನ ವಸ್ತುಗಳು ಸಿಕ್ಕವು. 9ನೇ ಶತಮಾನದ ಸುಮಾರಿನವು ಅವು. ಬಲು ನಾಜೂಕಿನ ಕೆಲಸ. ಯುರೋಪಿನವರು ಕಾಲಿಡುವ ಮೊದಲು ಇಲ್ಲಿ ಏನೂ ಇರಲಿಲ್ಲ ಅನ್ನುವವರಿಗೆ ಆ ಕಂಚೇ ಸಾಕಷ್ಟು ಉತ್ತರ.

ಬ್ರಿಟಿಷರು 'ಇಬೊ' ಎಂದು ಬರೆಯುತ್ತಿದ್ದರು. ಹಳೆಯ ಪುಸ್ತಕಗಳಲ್ಲಿ ಹಾಗೇ ಇರುತ್ತದೆ. ಎರಡೂ ಒಂದೇ ಜನ.

ಕಾದಂಬರಿಗಳಲ್ಲಿ ರಾಜನೇ ಕಾಣುವುದಿಲ್ಲ. ಇವರಿಗೆ ರಾಜರಿರಲಿಲ್ವಾ?

ಹೆಚ್ಚಿನ ಇಗ್ಬೊ ಊರುಗಳಲ್ಲಿ ಇರಲಿಲ್ಲ. 'ಇಗ್ಬೊಗಳಿಗೆ ದೊರೆಯಿಲ್ಲ' ಎಂದು ಅವರಲ್ಲೇ ಒಂದು ಮಾತಿದೆ. ಒನಿಚಾ, ನ್ರಿಯಂಥ ಕೆಲವು ಕಡೆ ರಾಜರಿದ್ದರು ನಿಜ. ಉಳಿದ ಕಡೆ ಊರಿನ ಬಯಲಲ್ಲಿ ಜನ ಸೇರಿ ಮಾತಾಡಿ ತೀರ್ಮಾನ ಮಾಡುತ್ತಿದ್ದರು. ಹಿರಿಯರು, ಊರಿನ ಗೌರವ ಪದವಿ ಪಡೆದವರು, ಒಂದೇ ವಯಸ್ಸಿನವರ ಗುಂಪುಗಳು, ಮದುವೆಯಾಗಿ ಹೋದರೂ ತವರಿನ ವಿಷಯದಲ್ಲಿ ಹಕ್ಕು ಉಳಿಸಿಕೊಂಡ ಹೆಣ್ಣುಮಕ್ಕಳ ಕೂಟ, ಎಲ್ಲರಿಗೂ ಅಲ್ಲಿ ಮಾತಿತ್ತು.

ಇದು ಗೊತ್ತಿದ್ದರೆ ಕಾದಂಬರಿಯ ಅರ್ಧ ಸಂಕಟ ಅರ್ಥವಾಗುತ್ತದೆ. ಬ್ರಿಟಿಷರಿಗೆ ತೆರಿಗೆ, ಕೂಲಿಗಾಗಿ ಊರಿಗೊಬ್ಬ ಮುಖ್ಯಸ್ಥ ಬೇಕಿತ್ತು. ಇಲ್ಲದ ಕಡೆ ಅವರೇ ಒಬ್ಬನನ್ನು ಹುಡುಕಿ, ಕಾಗದ ಕೊಟ್ಟು ಕೂರಿಸಿದರು. 'ವಾರಂಟ್ ಚೀಫ್' ಎಂದು ಹೆಸರು. ಜನ ಅವನನ್ನು ಒಪ್ಪಲಿಲ್ಲ. 1929ರ ಕೊನೆಯಲ್ಲಿ, ಇನ್ನು ಹೆಂಗಸರ ಮೇಲೂ ತೆರಿಗೆ ಬೀಳುತ್ತದೆ ಎಂಬ ಭಯ ಹಬ್ಬಿದಾಗ, ಸಾವಿರಾರು ಹೆಂಗಸರು ಈ ಚೀಫ್‌ಗಳ ಮನೆ, ಕೋರ್ಟುಗಳಿಗೆ ಮುತ್ತಿಗೆ ಹಾಕಿದರು. ಗೋಲಿಬಾರ್‌ನಲ್ಲಿ ಐವತ್ತಕ್ಕೂ ಹೆಚ್ಚು ಹೆಂಗಸರು ಸತ್ತರು. ಅದನ್ನು ಅವರು ಇವತ್ತಿಗೂ ಹೆಂಗಸರ ಯುದ್ಧ ಎಂದೇ ಕರೆಯುತ್ತಾರೆ.

ಕಥೆ ನಡೆಯುವುದು ಬ್ರಿಟಿಷರ ಕಾಲದಲ್ಲಿ, ಅದಕ್ಕೂ ಮುಂಚೆ. ಮತ್ತೆ 'ವಸಾಹತೋತ್ತರ' ಕಾದಂಬರಿ ಹೇಗೆ?

ಕಥೆಯ ಕಾಲಕ್ಕಿಂತ ಬರೆದವರ ನಿಲುವು ಮುಖ್ಯ. ಅಚೆಬೆಯ ಮೊದಲ ಕಾದಂಬರಿ 'ಥಿಂಗ್ಸ್ ಫಾಲ್ ಅಪಾರ್ಟ್' ಬಂದದ್ದು 1958ರಲ್ಲಿ. ನೈಜೀರಿಯಾ ಸ್ವತಂತ್ರವಾಗಲು ಇನ್ನೂ ಎರಡು ವರ್ಷ ಇತ್ತು. ಇಬಾದಾನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದುವಾಗ ಅಚೆಬೆ ಮತ್ತು ಅವರ ಗೆಳೆಯರಿಗೆ ಜಾಯ್ಸ್ ಕ್ಯಾರಿಯ 'ಮಿಸ್ಟರ್ ಜಾನ್ಸನ್' ಪಾಠವಾಗಿತ್ತು. ನೈಜೀರಿಯಾದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದವನು ಬರೆದ ಕಾದಂಬರಿ ಅದು. ಅದರಲ್ಲಿನ ನೈಜೀರಿಯನ್ನರನ್ನು ನೋಡಿ ಆ ಹುಡುಗರಿಗೆ ಸಿಟ್ಟು ಬಂತು. ನಮ್ಮ ಕಥೆ ನಾವೇ ಹೇಳಬೇಕು ಎಂಬ ಹಟ ಅಲ್ಲಿಂದ ಬಲಿಯಿತು. 1975ರಲ್ಲಿ, ಆಫ್ರಿಕದಲ್ಲಿ ನಡೆಯುವ ಕಾನ್ರಾಡ್‌ನ ಕಥೆ 'ಹಾರ್ಟ್ ಆಫ್ ಡಾರ್ಕ್‌ನೆಸ್' ಬಗ್ಗೆ ಅವರು ಮಾಡಿದ ಕಟುವಾದ ಭಾಷಣದ ಹಿಂದೆಯೂ ಅದೇ ಹಟ ಇದೆ.

ಆಚರಣೆಗಳ ವಿವರ ಯಾಕೆ ಅಷ್ಟೊಂದು? ಅದು ಬಿಟ್ಟು ಓದಿದರೆ ಆಗಲ್ವಾ?

ಆಗುವುದಿಲ್ಲ. ಕಥೆಯೇ ಕೈಬಿಟ್ಟು ಹೋಗುತ್ತದೆ. ಒಳ್ಳೆಯ ಇಗ್ಬೊ ಕಾದಂಬರಿಗಳಲ್ಲಿ ಆಚರಣೆ ಗೋಡೆಗೆ ತೂಗುಹಾಕಿದ ಚಿತ್ರವಲ್ಲ. ಒಂದು ನಿಯಮ ಮುರಿಯುತ್ತದೆ, ಅದರಿಂದ ಮುಂದಿನ ಘಟನೆ ಹುಟ್ಟುತ್ತದೆ.

'ಥಿಂಗ್ಸ್ ಫಾಲ್ ಅಪಾರ್ಟ್'ನ ನಾಯಕ ಒಕೊಂಕ್ವೊನನ್ನೇ ತೆಗೆದುಕೊಳ್ಳಿ. ಬಿತ್ತನೆಗೆ ಮುಂಚೆ ಒಂದು ಶಾಂತಿಯ ವಾರ ಬರುತ್ತದೆ. ಭೂದೇವಿ ಆನಿಗೆ ಮೀಸಲಾದ ಆ ದಿನಗಳಲ್ಲಿ ಯಾರೂ ಯಾರ ಮೇಲೂ ಗಟ್ಟಿಯಾಗಿ ಮಾತಾಡಬಾರದು. ಅವನು ಸಿಟ್ಟಿನಲ್ಲಿ ಹೆಂಡತಿಯನ್ನು ಹೊಡೆಯುತ್ತಾನೆ. ಭೂದೇವಿಯ ಪೂಜಾರಿ ಕೂಡಲೇ ಬಂದು ದಂಡ ಹಾಕುತ್ತಾನೆ. ಒಂದು ಹೆಣ್ಣು ಮೇಕೆ, ಒಂದು ಕೋಳಿ, ಒಂದು ತುಂಡು ಬಟ್ಟೆ, ನೂರು ಕವಡೆ. ಸಿಟ್ಟು ಊರಿಗೆಲ್ಲ ಕೇಡು ತರುತ್ತದೆ ಅನ್ನುವುದು ಪೂಜಾರಿಯ ಮಾತು. ಆಮೇಲೆ ಒಂದು ಸಾವಿನ ಮನೆಯಲ್ಲಿ ಅವನ ಬಂದೂಕು ಸಿಡಿದು ಒಬ್ಬ ಹುಡುಗ ಸಾಯುತ್ತಾನೆ. ಬೇಕೆಂದು ಮಾಡಿದ್ದಲ್ಲ. ಆದರೂ ಏಳು ವರ್ಷ ಊರು ಬಿಡಬೇಕು. ಅವನು ಇಲ್ಲದ ಆ ಏಳು ವರ್ಷದಲ್ಲೇ ಮಿಷನರಿಗಳು ಬಂದು ನೆಲೆ ನಿಲ್ಲುತ್ತಾರೆ. ಕೊನೆಯಲ್ಲಿ ಅವನು ನೇಣು ಹಾಕಿಕೊಂಡಾಗ ಅವನದೇ ಜನ ಆ ದೇಹವನ್ನು ಮುಟ್ಟುವ ಹಾಗಿಲ್ಲ. ಆತ್ಮಹತ್ಯೆ ಭೂಮಿಗೆ ಮಾಡಿದ ಅಪಚಾರ. ಹೊರಗಿನವರೇ ಮಣ್ಣು ಮಾಡಬೇಕು. ಊರಿನ ಮಾನಕ್ಕೆ ಪ್ರಾಣ ಕೊಟ್ಟೆ ಅಂದುಕೊಂಡವನನ್ನು ಊರಿನ ನಿಯಮವೇ ಹೊರಗಿಡುತ್ತದೆ. ಆ ಕೊನೆ ಓದಿದಾಗ ಈಗಲೂ ನನಗೆ ಎದೆ ಭಾರವಾಗುತ್ತದೆ.

ಕೋಲಾ ಕಾಯಿ ಯಾಕೆ ಪುಟಪುಟದಲ್ಲೂ ಬರುತ್ತದೆ?

ಮನೆಗೆ ಬಂದವರ ಮುಂದೆ ನಾವು ಎಲೆ ಅಡಿಕೆಯ ತಟ್ಟೆ ಇಡುವ ಹಾಗೆ ಅವರು ಕೋಲಾ ಇಡುತ್ತಾರೆ. ಕಹಿ ಕಾಯಿ ಅದು. ಯಾರು ಒಡೆಯಬೇಕು ಎಂದು ಮನೆಯವರು, ಬಂದವರು ಪರಸ್ಪರ ಒತ್ತಾಯಿಸುತ್ತಾರೆ. ಪೂರ್ವಜರಿಗೆ ಪ್ರಾರ್ಥನೆ ಆಗುತ್ತದೆ. ಜೊತೆಗೆ ಅಲಿಗೇಟರ್ ಪೆಪ್ಪರ್ ಎಂಬ ಖಾರದ ಕಾಳು, ಬಿಳಿ ಸೀಮೆಸುಣ್ಣ. ಕೋಲಾ ಕೊಟ್ಟವನು ಜೀವ ಕೊಟ್ಟ ಹಾಗೆ ಎಂಬುದು ಅವರ ನಂಬಿಕೆ.

ಅಚೆಬೆ ಇದನ್ನು ಎಷ್ಟು ಚೆನ್ನಾಗಿ ಬಳಸಿದ್ದಾರೆ ನೋಡಿ. ಒಕೊಂಕ್ವೊನ ಅಪ್ಪ ಉನೊಕಾ ಸಾಲಗಾರ. ಇನ್ನೂರು ಕವಡೆ ವಾಪಸು ಕೇಳಲು ನೆರೆಯವನು ಬರುತ್ತಾನೆ. ಮೊದಲು ಕೋಲಾ, ಆಮೇಲೆ ಊರಿನ ಸುದ್ದಿ, ಆಮೇಲೆ ಸಾಲುಸಾಲು ಗಾದೆ. ಅಷ್ಟೆಲ್ಲ ಆದ ಮೇಲೆ ಸಾಲದ ಮಾತು. ಕೇಳುವವನಿಗೂ ಕೊಡಲಾಗದವನಿಗೂ ಮರ್ಯಾದೆ ಹೋಗಬಾರದು ಎಂದೇ ಈ ಸುತ್ತುಬಳಸು. ಮಾತನ್ನು ತಿನ್ನಲು ಗಾದೆಯೇ ತಾಳೆಎಣ್ಣೆ ಎಂಬ ಪ್ರಸಿದ್ಧ ಮಾತು ಬರುವುದೂ ಇದೇ ಸಂದರ್ಭದಲ್ಲಿ.

ಯಾಮ್ ಎಂಬ ಒಂದು ಗೆಡ್ಡೆಗೆ ಇಷ್ಟು ಮಹತ್ವ ಯಾಕೆ?

ಯಾಮ್ ಸಿಹಿಗೆಣಸಲ್ಲ. ನಮ್ಮ ಹೆಗ್ಗೆಣಸಿನ ಜಾತಿಯ ಬಳ್ಳಿಗೆಡ್ಡೆ. ಉತ್ತರ ಕನ್ನಡದ ಜೋಯಿಡಾದ ಗೆಡ್ಡೆ ಮೇಳಕ್ಕೆ ಹೋದವರು ಇದರ ಹತ್ತಿರದ ಬಂಧುಗಳನ್ನು ನೋಡಿರುತ್ತಾರೆ. ಇಗ್ಬೊ ನಾಡಿನಲ್ಲಿ ಅದು ಗಂಡಸರ ಬೆಳೆ. ಕಣಜದಲ್ಲಿ ಎಷ್ಟು ಯಾಮ್ ಇದೆ ಅನ್ನುವುದರ ಮೇಲೆ ಗಂಡಸಿನ ತೂಕ. ಹೊಸ ಯಾಮ್ ಹಬ್ಬ ಆಗುವವರೆಗೆ ಹೊಸ ಬೆಳೆಯನ್ನು ತಿನ್ನುವ ಹಾಗಿಲ್ಲ.

ಈ ಒಂದು ನಿಯಮದ ಮೇಲೆ ಅಚೆಬೆ ಇಡೀ ಕಾದಂಬರಿ ಕಟ್ಟಿದ್ದಾರೆ. 1964ರ 'ಆ್ಯರೋ ಆಫ್ ಗಾಡ್'. ನನ್ನ ಮಟ್ಟಿಗೆ ಅವರ ಅತಿ ದೊಡ್ಡ ಕೃತಿ ಇದೇ. ಎಜೆಉಲು ಎಂಬವನು ಉಲು ದೇವರ ಮುಖ್ಯ ಪೂಜಾರಿ. ಪ್ರತಿ ಅಮಾವಾಸ್ಯೆ ಕಳೆದು ಹೊಸ ಚಂದ್ರ ಕಂಡಾಗ ಅವನು ಒಂದು ಪವಿತ್ರ ಯಾಮ್ ತಿನ್ನುತ್ತಾನೆ. ಅವು ಮುಗಿದ ಮೇಲೆ ಹಬ್ಬ ಸಾರುತ್ತಾನೆ. ಬ್ರಿಟಿಷ್ ಅಧಿಕಾರಿ ವಿಂಟರ್‌ಬಾಟಮ್ ಅವನನ್ನು ವಾರಂಟ್ ಚೀಫ್ ಮಾಡಲು ಕರೆಸುತ್ತಾನೆ. ಎಜೆಉಲು ಒಪ್ಪುವುದಿಲ್ಲ. ಅದಕ್ಕೆ ಬಂಧನ. ಅಲ್ಲಿದ್ದಾಗ ಎರಡು ಹೊಸ ಚಂದ್ರ ಬಂದು ಹೋಗುತ್ತವೆ. ಎರಡು ಯಾಮ್ ಹಾಗೇ ಉಳಿಯುತ್ತವೆ.

ವಾಪಸು ಬಂದವನು ಲೆಕ್ಕ ತಪ್ಪಿಸಲು ಒಪ್ಪುವುದಿಲ್ಲ. ಹೊಲದಲ್ಲಿ ಬೆಳೆ ಕೊಳೆಯುತ್ತಿದೆ, ಮಕ್ಕಳು ಹಸಿದಿದ್ದಾರೆ, ಊರಿನ ದೊಡ್ಡವರು ಬಂದು ಬೇಡಿಕೊಳ್ಳುತ್ತಾರೆ, ಪಾಪ ಏನಿದ್ದರೂ ನಮ್ಮ ತಲೆ ಮೇಲೆ ಬರಲಿ ಅನ್ನುತ್ತಾರೆ. ಅವನು ಜಗ್ಗುವುದಿಲ್ಲ. ಇದು ದೇವರ ಮಾತೋ, ತನ್ನನ್ನು ಕೈಬಿಟ್ಟ ಊರಿನ ಮೇಲಿನ ಸೇಡೋ? ಅವನಿಗೇ ಸ್ಪಷ್ಟವಿಲ್ಲ. ಅದೇ ಹೊತ್ತಿಗೆ ಚರ್ಚಿನವರು, ನಿಮ್ಮ ಯಾಮ್ ಇಲ್ಲಿ ಅರ್ಪಿಸಿ, ಉಲುವಿನ ಕೋಪದಿಂದ ನಮ್ಮ ದೇವರು ಕಾಪಾಡುತ್ತಾನೆ ಅನ್ನುತ್ತಾರೆ. ಜನ ಹೋಗುತ್ತಾರೆ. ಹಸಿದವರು ಇನ್ನೇನು ಮಾಡಿಯಾರು, ಅಲ್ವಾ?

ಇದರಲ್ಲಿ ಇನ್ನೊಂದು ಎಳೆ ಇದೆ. ಉಲು ದೇವರನ್ನು ಮಾಡಿದ್ದು ಜನರೇ. ದಾಳಿಕೋರರಿಂದ ತಪ್ಪಿಸಿಕೊಳ್ಳಲು ಆರು ಹಳ್ಳಿಗಳು ಒಂದಾಗಿ ಅವನನ್ನು ಸ್ಥಾಪಿಸಿದ್ದವು. ಕಾಪಾಡಲೆಂದು ಮಾಡಿಕೊಂಡ ದೇವರು ಹಸಿವಿಗೆ ದಾರಿ ಮಾಡಿದಾಗ ಅದೇ ಜನ ಅವನನ್ನು ಬಿಟ್ಟು ನಡೆದರು.

ಚಿ ಅಂದರೆ ದೇವರಾ, ಹಣೆಬರಹವಾ?

ಎರಡಕ್ಕೂ ಸ್ವಲ್ಪ ಹತ್ತಿರ, ಎರಡೂ ಪೂರ್ತಿ ಅಲ್ಲ. ಪ್ರತಿ ಮನುಷ್ಯನಿಗೂ ಅವನದೇ ಒಬ್ಬ ಚಿ, ಅಂದರೆ ಕಾಯುವ ಆತ್ಮ, ಇರುತ್ತಾನೆ. ಹುಟ್ಟುವ ಮುಂಚೆ ಅವನ ಜೊತೆ ಒಪ್ಪಂದ ಆಗಿರುತ್ತದೆ. ಹಾಗಂತ ಕೈಕಟ್ಟಿ ಕೂರುವುದಲ್ಲ. ಮನುಷ್ಯ ಹೂಂ ಅಂದರೆ ಅವನ ಚಿ ಕೂಡ ಹೂಂ ಅನ್ನುತ್ತದೆ ಎಂಬ ಗಾದೆ ಇದೆ. ಒಕೊಂಕ್ವೊ ಮೇಲೆ ಬರುವಾಗ ಊರು ಈ ಗಾದೆ ಹೇಳುತ್ತದೆ. ಊರು ಬಿಟ್ಟ ಮೇಲೆ ಅವನಿಗೆ ಅದು ಸುಳ್ಳು ಅನ್ನಿಸುತ್ತದೆ.

ಈ ನಂಬಿಕೆಯಿಂದ ಈಗಿನವರೂ ಹೊಸದು ತೆಗೆಯುತ್ತಿದ್ದಾರೆ. ಚಿಗೋಜಿ ಒಬಿಯೊಮಾ ಅವರ 'ಆ್ಯನ್ ಆರ್ಕೆಸ್ಟ್ರಾ ಆಫ್ ಮೈನಾರಿಟೀಸ್' 2019ರಲ್ಲಿ ಬಂತು. ಕೋಳಿ ಸಾಕುವ ಒಬ್ಬ ಯುವಕನ ಪ್ರೇಮ ಮತ್ತು ಪತನದ ಕಥೆ. ಅದನ್ನು ಹೇಳುವುದು ಅವನ ಚಿ. ತನ್ನ ಮನುಷ್ಯನ ಪರವಾಗಿ ಮೇಲಿನ ದೇವರ ಮುಂದೆ ವಾದ ಮಾಡುತ್ತಾ ಕಥೆ ಹೇಳುತ್ತದೆ.

ಒಗ್ಬಂಜೆ ಮಗು ಅಂದರೆ?

ಹುಟ್ಟಿ, ಬೇಗ ಸತ್ತು, ಮತ್ತೆ ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ಕಾಡುವ ಮಗು. ಒಕೊಂಕ್ವೊನ ಹೆಂಡತಿ ಎಕ್ವೆಫಿ ಹತ್ತು ಮಕ್ಕಳನ್ನು ಹೆತ್ತು ಒಂಬತ್ತನ್ನು ಕಳೆದುಕೊಂಡವಳು. ಉಳಿದ ಎಜಿನ್ಮಾ ಕೂಡ ಒಗ್ಬಂಜೆ ಎಂಬ ಭಯ. ಮಗು ಹೂತಿಟ್ಟ ಕಲ್ಲನ್ನು ಹುಡುಕಿ ತೆಗೆದರೆ ಆ ನಂಟು ಕಡಿಯುತ್ತದೆ ಎಂದು ಹಿತ್ತಿಲು ಅಗೆಯುವ ಅಧ್ಯಾಯ ಓದಿ. ಈ ನಂಬಿಕೆಯ ಹಿಂದೆ ಸಿಕಲ್ ಸೆಲ್ ರೋಗ ಇದ್ದಿರಬಹುದು ಎಂದು ಕೆಲವು ಸಂಶೋಧಕರು ಹೇಳಿದ್ದಾರೆ. ಅಕ್ವೇಕೆ ಎಮೆಜಿ 2018ರ 'ಫ್ರೆಶ್‌ವಾಟರ್'ನಲ್ಲಿ ಒಗ್ಬಂಜೆಯ ಒಳಗಿನಿಂದಲೇ ಕಥೆ ಹೇಳಿಸಿದ್ದಾರೆ.

ಮುಖವಾಡದ ಒಳಗೆ ಯಾರಿದ್ದಾರೆ ಎಂದು ಊರಿನವರಿಗೆ ಗೊತ್ತಿರಲಿಲ್ವಾ?

ಗೊತ್ತಿತ್ತು. ನ್ಯಾಯ ಹೇಳಲು ಪೂರ್ವಜರ ರೂಪದಲ್ಲಿ ಒಂಬತ್ತು ಎಗ್ವುಗ್ವು, ಅಂದರೆ ಮುಖವಾಡ ಹಾಕಿದ ಊರಿನ ಗಂಡಸರು, ಬರುತ್ತಾರೆ. ಎರಡನೆಯವನ ನಡಿಗೆಯ ಪುಟಿತ ನೋಡಿ ಒಕೊಂಕ್ವೊನ ಹೆಂಡತಿಯರಿಗೆ ಗುರುತು ಸಿಕ್ಕಿರಬಹುದು. ಸಭೆಯಲ್ಲಿ ಅವನ ಜಾಗ ಖಾಲಿ ಇರುವುದೂ ಕಂಡಿರಬಹುದು. ಅವರು ಬಾಯಿ ಬಿಡುವುದಿಲ್ಲ. ಆ ಕ್ಷಣಕ್ಕೆ ಅವನು ಗಂಡನಲ್ಲ, ಪೂರ್ವಜ. ಹೆಂಡತಿಯನ್ನು ಹೊಡೆದ ಉಜೊವುಲುವಿನ ವಿಚಾರಣೆ ನಡೆಯುವುದು ಆ ಸಭೆಯಲ್ಲೇ. ಯಾರ ಮಾತೂ ಕೇಳದ ಗಂಡಸು ಪೂರ್ವಜರ ಮಾತಿಗೆ ತಲೆಬಾಗುತ್ತಾನೆ.

ಆದ್ದರಿಂದಲೇ ಮತಾಂತರವಾದ ಈನಕ್ ಮುಖವಾಡ ಕಿತ್ತಾಗ ಊರು ನಡುಗುತ್ತದೆ. ಅವನು ಹೊಸ ಗುಟ್ಟೇನೂ ಹೊರಹಾಕಲಿಲ್ಲ. ಎಲ್ಲರೂ ಸೇರಿ ಕಾಪಾಡಿಕೊಂಡಿದ್ದ ಒಂದು ಒಪ್ಪಂದವನ್ನು ಮುರಿದ.

ಅವಳಿ ಮಕ್ಕಳನ್ನು ಎಸೆಯುವುದು, ಕೆಲವರನ್ನು ಓಸು ಎಂದು ದೂರ ಇಡುವುದು. ಲೇಖಕರು ಇದನ್ನೆಲ್ಲ ಸಮರ್ಥಿಸುತ್ತಾರಾ?

ಇಲ್ಲ. ಈ ಪ್ರಶ್ನೆ ಬಂದಾಗಲೆಲ್ಲ ನಾನು ಒಬಿಯೆರಿಕಾನ ಕಡೆ ಬೆರಳು ತೋರಿಸುತ್ತೇನೆ. ಅವನು ಒಕೊಂಕ್ವೊನ ಗೆಳೆಯ, ಊರಿನ ಗೌರವಸ್ಥ. ಗೆಳೆಯನ ಮನೆಯನ್ನು ನಿಯಮದ ಪ್ರಕಾರ ಸುಟ್ಟವರಲ್ಲಿ ಅವನೂ ಇದ್ದ. ಸುಟ್ಟು ಬಂದು ಕೂತು ಯೋಚಿಸುತ್ತಾನೆ. ಅರಿಯದೆ ಆದ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆ ಯಾಕೆ? ತನ್ನ ಹೆಂಡತಿ ಹೆತ್ತ ಅವಳಿಗಳನ್ನು ತಾನೇ ಎಸೆದು ಬಂದದ್ದು ನೆನಪಾಗುತ್ತದೆ. ಅವು ಏನು ತಪ್ಪು ಮಾಡಿದ್ದವು? ಉತ್ತರ ಸಿಗುವುದಿಲ್ಲ. ಆಗ ಊರಿಗೆ ಒಬ್ಬ ಮಿಷನರಿಯೂ ಬಂದಿರಲಿಲ್ಲ. ಪ್ರಶ್ನೆ ಊರಿನ ಒಳಗೇ ಹುಟ್ಟಿತ್ತು. ಸಂಪ್ರದಾಯ ಅಂದರೆ ಕದಲದ ಕಲ್ಲು ಅಂದುಕೊಂಡವರಿಗೆ ಈ ಒಂದು ಪುಟ ಓದಿ ಎಂದು ಹೇಳುತ್ತೇನೆ.

ಒಕೊಂಕ್ವೊನ ಮಗ ನ್ವೊಯೆ ಚರ್ಚಿಗೆ ಹೋಗುವುದೂ ಇದೇ ಗಾಯದಿಂದ. ಬೇರೆ ಊರಿನಿಂದ ಒತ್ತೆಯಾಗಿ ಬಂದು ಮೂರು ವರ್ಷ ಅಣ್ಣನಂತೆ ಜೊತೆಗಿದ್ದ ಇಕೆಮೆಫುನಾನನ್ನು ಊರಿನವರು ಕೊಂದರು. ಕತ್ತಿ ಎತ್ತಿದವರಲ್ಲಿ ಅಪ್ಪನೂ ಇದ್ದ. ಅದರಲ್ಲಿ ನೀನು ಕೈ ಹಾಕಬೇಡ ಎಂದು ಹಿರಿಯನೊಬ್ಬ ಮೊದಲೇ ಹೇಳಿದ್ದರೂ ಅಪ್ಪ ಕೇಳಲಿಲ್ಲ. ಹೇಡಿ ಅಂದುಬಿಟ್ಟಾರು ಎಂಬ ಭಯ ಅವನಿಗೆ. ನ್ವೊಯೆಯ ಮನಸ್ಸು ತುಂಬಿದ್ದು ಧರ್ಮಶಾಸ್ತ್ರದಿಂದಲ್ಲ, ಚರ್ಚಿನ ಹಾಡಿನಿಂದ.

ಓಸು ಅಂದರೆ ದೇವರಿಗೆ ಒಪ್ಪಿಸಿದವರು ಮತ್ತು ಅವರ ವಂಶದವರು. ಅವರ ಜೊತೆ ಮದುವೆ ಇಲ್ಲ, ಅವರು ತಲೆಕೂದಲು ಕತ್ತರಿಸುವ ಹಾಗಿಲ್ಲ. ಚರ್ಚಿಗೆ ಮೊದಲು ಬಂದವರಲ್ಲಿ ಅವರಿದ್ದರು. 1960ರ 'ನೋ ಲಾಂಗರ್ ಅಟ್ ಈಸ್'ನಲ್ಲಿ ಇಂಗ್ಲೆಂಡಿನಲ್ಲಿ ಓದಿ ಬಂದ ಒಬಿ, ಓಸು ಮನೆತನದ ಕ್ಲಾರಾಳನ್ನು ಪ್ರೀತಿಸುತ್ತಾನೆ. ಅವನ ಅಪ್ಪ ಬೇರಾರೂ ಅಲ್ಲ, ಅದೇ ನ್ವೊಯೆ. ಇಡೀ ಬದುಕನ್ನು ಕ್ರೈಸ್ತನಾಗಿ ಕಳೆದವನು. ಅವನೂ ಆ ಮದುವೆ ಬೇಡ ಅನ್ನುತ್ತಾನೆ. ಅಚೆಬೆ ಯಾರನ್ನೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಸುಲಭವಾಗಿ ಬಿಟ್ಟುಬಿಡುವುದೂ ಇಲ್ಲ. ಅವರೇ ಒಗಿಡಿ ಎಂಬ ಊರಿನ ಕ್ರೈಸ್ತ ಉಪದೇಶಕರೊಬ್ಬರ ಮಗ. ಮನೆಯಲ್ಲಿ ಬೈಬಲ್, ಪಕ್ಕದ ಮನೆಯಲ್ಲಿ ಹಬ್ಬ. ಎರಡನ್ನೂ ಹತ್ತಿರದಿಂದ ನೋಡಿ ಬೆಳೆದವರು.

ಈ ಕಾದಂಬರಿಗಳಲ್ಲಿ ಹೆಂಗಸರು ಬರೀ ಅಡುಗೆಮನೆಯಲ್ಲೇ ಇರುತ್ತಾರಾ?

ಅಚೆಬೆಯ ಮೊದಲ ಕಾದಂಬರಿ ಬಗ್ಗೆ ಈ ದೂರು ಹಳೆಯದು. ಅದರಲ್ಲಿ ಹುರುಳಿದೆ. ಅಲ್ಲಿ ಪೂಜಾರಿಣಿ ಚಿಯೆಲೊ ಇದ್ದಾಳೆ, 'ತಾಯಿಯೇ ಮೇಲು' ಎಂದು ಊರು ಬಿಟ್ಟು ಬಂದ ಅಳಿಯನಿಗೆ ಬುದ್ಧಿ ಹೇಳುವ ಸೋದರಮಾವ ಉಚೆಂಡು ಇದ್ದಾನೆ. ಆದರೂ ಕಥೆಯ ಕಣ್ಣು ಗಂಡಸಿನದು.

ಉತ್ತರ ಕೊಟ್ಟವರು ಇಗ್ಬೊ ಲೇಖಕಿಯರೇ. ಫ್ಲೋರಾ ನ್ವಾಪಾ ಅವರ 'ಎಫುರು' 1966ರಲ್ಲಿ ಬಂತು. ಹಸ್ತಪ್ರತಿಯನ್ನು ಓದಿ ಲಂಡನ್ನಿನ ಪ್ರಕಾಶಕರಿಗೆ ಕಳಿಸಿದವರು ಅಚೆಬೆ. ಎಫುರು ಜಾಣ ವ್ಯಾಪಾರಿ. ಇಬ್ಬರು ಗಂಡಂದಿರಿಂದ ನೋವು ತಿಂದವಳು. ಇದ್ದ ಒಂದು ಮಗುವೂ ಸಾಯುತ್ತದೆ. ಸರೋವರದ ದೇವಿ ಉಹಾಮಿರಿ ಅವಳನ್ನು ತನ್ನ ಭಕ್ತೆಯಾಗಿ ಆರಿಸಿಕೊಳ್ಳುತ್ತಾಳೆ. ಆ ದೇವಿ ಸಂಪತ್ತು, ಚೆಲುವು ಕೊಡುತ್ತಾಳೆ, ಮಕ್ಕಳನ್ನಲ್ಲ. ತಾಯ್ತನದ ಸಂತೋಷವೇ ಗೊತ್ತಿಲ್ಲದ ದೇವಿಯನ್ನು ಹೆಂಗಸರು ಯಾಕೆ ಪೂಜಿಸುತ್ತಾರೆ ಎಂಬ ಪ್ರಶ್ನೆಯೊಂದಿಗೆ ಪುಸ್ತಕ ನಿಲ್ಲುತ್ತದೆ.

ಬುಚಿ ಎಮೆಚೆಟಾ ಅದೇ ಮಾತನ್ನು ಎತ್ತಿಕೊಂಡು 1979ರಲ್ಲಿ 'ದ ಜಾಯ್ಸ್ ಆಫ್ ಮದರ್‌ಹುಡ್' ಬರೆದರು. ಇದರ ನ್ನು ಎಗೊಗೆ ಮಕ್ಕಳಿದ್ದಾರೆ, ಬೇಕಾದಷ್ಟು. ಅವಳ ಚಿ ಒಬ್ಬ ದಾಸಿ. ಒಡತಿಯ ಜೊತೆ ಬಲವಂತವಾಗಿ ಹೂಳಲ್ಪಟ್ಟವಳು. ತಲೆಗೆ ಬಿದ್ದ ಏಟಿನ ಗುರುತು ನ್ನು ಎಗೊ ಹುಟ್ಟುವಾಗಲೇ ತಲೆಯ ಮೇಲೆ ಇರುತ್ತದೆ. ಇಬುಜಾದಿಂದ ಲಾಗೋಸ್‌ಗೆ ಬರುತ್ತಾಳೆ. ಗಂಡ ಬಿಳಿಯರ ಬಟ್ಟೆ ಒಗೆಯುವವನು. ಹಳ್ಳಿಯಲ್ಲಿ ಮಕ್ಕಳನ್ನು ಇಡೀ ಮನೆತನ ನೋಡಿಕೊಳ್ಳುತ್ತಿತ್ತು. ಪಟ್ಟಣದ ಒಂದು ಕೋಣೆಯಲ್ಲಿ ಭಾರವೆಲ್ಲ ಅವಳೊಬ್ಬಳ ಮೇಲೆ. ಗಂಡುಮಕ್ಕಳು ಓದಿ ವಿದೇಶಕ್ಕೆ ಹೋಗುತ್ತಾರೆ. ಅವಳು ರಸ್ತೆಬದಿಯಲ್ಲಿ ಒಂಟಿಯಾಗಿ ಸಾಯುತ್ತಾಳೆ. ಆಮೇಲೆ ಮಕ್ಕಳು ಬಂದು ಅದ್ದೂರಿ ತಿಥಿ ಮಾಡಿ ಗುಡಿ ಕಟ್ಟಿಸುತ್ತಾರೆ. ಮಕ್ಕಳು ಬೇಕೆಂದು ಬೇಡಿಕೊಂಡವರಿಗೆ ಅವಳು ಓಗೊಡುವುದಿಲ್ಲ. ಸಂಪ್ರದಾಯದ ಮಾತಿನಲ್ಲೇ ಸಂಪ್ರದಾಯಕ್ಕೆ ಎದುರು ನಿಂತ ಪುಸ್ತಕ ಇದು. ಅಂಥ ಧೈರ್ಯ ಅಪರೂಪ.

ಬಿಯಾಫ್ರಾ ಯುದ್ಧದ ನಂತರ ಏನು ಬದಲಾಯಿತು?

1967ರ ಮೇ 30ರಂದು ಪೂರ್ವ ನೈಜೀರಿಯಾ ಬಿಯಾಫ್ರಾ ಎಂಬ ದೇಶ ಎಂದು ಸಾರಿಕೊಂಡಿತು. 1970ರ ಜನವರಿಯಲ್ಲಿ ಸೋತಿತು. ಹತ್ತು ಲಕ್ಷದಷ್ಟು ಅಥವಾ ಅದಕ್ಕೂ ಹೆಚ್ಚು ಜನ ಸತ್ತರು ಎಂಬ ಅಂದಾಜಿದೆ, ಹೆಚ್ಚಿನವರು ಹಸಿವಿನಿಂದ. ಆ ಮೇಲಿನ ಬರಹದಲ್ಲಿ ಇಗ್ಬೊತನ ಬರೀ ಹಳ್ಳಿಯ ನೆನಪಾಗಿ ಉಳಿಯಲಿಲ್ಲ, ಕಳೆದುಕೊಂಡ ಮನೆಯ ನೆನಪೂ ಆಯಿತು. 1977ರಲ್ಲಿ ಹುಟ್ಟಿದ ಚಿಮಮಾಂಡಾ ನ್ಗೋಜಿ ಅಡಿಚಿ ಆ ಯುದ್ಧದ ಕಥೆಯಾದ 'ಹಾಫ್ ಆಫ್ ಎ ಯೆಲ್ಲೋ ಸನ್' ಬರೆದದ್ದು 2006ರಲ್ಲಿ. ಅವರ ಮೊದಲ ಕಾದಂಬರಿ 'ಪರ್ಪಲ್ ಹೈಬಿಸ್ಕಸ್'ನಲ್ಲಿ ಅಜ್ಜ ಬೆಳಿಗ್ಗೆ ಎದ್ದು ಪೂರ್ವಜರಿಗೆ ಪ್ರಾರ್ಥನೆ ಮಾಡುವುದನ್ನು ಮೊಮ್ಮಗಳು ಕದ್ದು ನೋಡುವ ಸಂದರ್ಭ ಇದೆ. ಕಟ್ಟಾ ಕ್ಯಾಥೊಲಿಕ್ ಆದ ಅಪ್ಪ ಆ ಅಜ್ಜನನ್ನು ಕಾಫಿರ ಎಂಬಂತೆ ದೂರ ಇಟ್ಟಿರುತ್ತಾನೆ. ಅಜ್ಜನ ಪ್ರಾರ್ಥನೆಯಲ್ಲಿ ಆ ಮಗನಿಗೂ ಒಳಿತಿನ ಬೇಡಿಕೆ ಇರುತ್ತದೆ.

ಇಗ್ಬೊ ಬಿಟ್ಟು ಇಂಗ್ಲಿಷಿನಲ್ಲಿ ಬರೆದದ್ದು ಯಾಕೆ?

ಇಗ್ಬೊದಲ್ಲೂ ಕಾದಂಬರಿ ಇದೆ. ಪೀಟಾ ನ್ವಾನಾ ಅವರ 'ಒಮೆನುಕೊ' 1930ರ ದಶಕದ್ದು. ಆದರೆ ಮಿಷನರಿಗಳು ಬೇರೆಬೇರೆ ಕಡೆಯ ಮಾತು ಬೆರೆಸಿ ಬೈಬಲ್‌ಗಾಗಿ ಮಾಡಿದ ಬರಹದ ಇಗ್ಬೊ ಅಚೆಬೆಗೆ ಹಿಡಿಸಲೇ ಇಲ್ಲ. ಜೊತೆಗೆ ನೂರಾರು ಭಾಷೆಗಳ ನೈಜೀರಿಯಾದ ಉಳಿದವರನ್ನೂ ಮುಟ್ಟಬೇಕಿತ್ತು. ಕೀನ್ಯಾದ ಲೇಖಕ ನ್ಗೂಗಿ ಇದನ್ನು ಒಪ್ಪದೆ ಗಿಕುಯು ಭಾಷೆಗೆ ಮರಳಿದರು. ಹಾಸನದಲ್ಲಿ ಹುಟ್ಟಿದ ರಾಜಾ ರಾವ್ 1938ರ 'ಕಾಂತಾಪುರ'ದ ಮುನ್ನುಡಿಯಲ್ಲಿ, ತನ್ನದಲ್ಲದ ಭಾಷೆಯಲ್ಲಿ ತನ್ನತನ ಹೇಳುವ ಇದೇ ತೊಡಕನ್ನು ಎದುರಿಸಿದ್ದರು. ಯಾರು ಸರಿ ಎಂದು ತೀರ್ಪು ಕೊಡುವುದಕ್ಕಿಂತ ಅಚೆಬೆಯ ಇಂಗ್ಲಿಷನ್ನು ಸುಮ್ನೆ ಗಟ್ಟಿಯಾಗಿ ಓದಿ ನೋಡಿ. ಅದು ಇಂಗ್ಲೆಂಡಿನವರ ಮಾತಿನಂತೆ ಕೇಳುವುದಿಲ್ಲ.

ಇವನ್ನು ಓದಿದರೆ ಇಗ್ಬೊ ಸಂಸ್ಕೃತಿ ಪೂರ್ತಿ ಗೊತ್ತಾದ ಹಾಗಾ?

ಬೇಡ, ಹಾಗೆ ಓದಬೇಡಿ. ಅಚೆಬೆಯ ಉಮುಒಫಿಯಾ, ನ್ವಾಪಾ ಕಂಡ ಒಗುಟಾ, ಎಮೆಚೆಟಾ ಅವರ ಇಬುಜಾ, ಈ ಊರುಗಳು ಒಂದೇ ಥರ ಇಲ್ಲ. ಒಕೊಂಕ್ವೊನ ಶವದ ಮುಂದೆ ನಿಂತ ಬ್ರಿಟಿಷ್ ಜಿಲ್ಲಾಧಿಕಾರಿ, ತಾನು ಬರೆಯಲಿರುವ ಪುಸ್ತಕದಲ್ಲಿ ಇವನಿಗೆ ಒಂದು ಪ್ಯಾರಾ ಕೊಡಬಹುದು ಅಂದುಕೊಳ್ಳುತ್ತಾನೆ. ಅವನಂತೆ ಓದುವುದು ಬೇಡ.

ಈ ಆಚರಣೆಗಳು ಈಗಲೂ ಇವೆಯಾ?

ಹೊಸ ಯಾಮ್ ಹಬ್ಬ ಇದೆ, ವಿದೇಶದಲ್ಲಿರುವ ಇಗ್ಬೊಗಳೂ ಮಾಡುತ್ತಾರೆ. ಕೋಲಾ ಇಲ್ಲದೆ ಮದುವೆ ಮಾತುಕತೆ ಇಲ್ಲ. ಎಕೆ, ಒರಿಎ, ಅಫೊ, ನ್ಕ್ವೊ ಎಂಬ ನಾಲ್ಕು ದಿನದ ಸಂತೆಯ ವಾರ ಹಳ್ಳಿಗಳಲ್ಲಿ ನಡೆಯುತ್ತದೆ. ಅವಳಿಗಳನ್ನು ಕೊಲ್ಲುವುದು ನಿಂತು ಬಹಳ ಕಾಲವಾಯಿತು. ಓಸು ಪದ್ಧತಿಯನ್ನು 1956ರಲ್ಲೇ ಕಾನೂನು ರದ್ದು ಮಾಡಿದೆ, ಮದುವೆ ವಿಷಯ ಬಂದಾಗ ಇನ್ನೂ ತಲೆ ಎತ್ತುತ್ತದೆ. ಹೆಣ್ಣುಮಕ್ಕಳಿಗೆ ಅಪ್ಪನ ಆಸ್ತಿಯಲ್ಲಿ ಪಾಲಿಲ್ಲ ಎಂಬ ಕಟ್ಟಳೆ ಸಂವಿಧಾನಕ್ಕೆ ವಿರುದ್ಧ ಎಂದು ನೈಜೀರಿಯಾದ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು.

ಯಾವುದರಿಂದ ಶುರು ಮಾಡಲಿ?

'ಥಿಂಗ್ಸ್ ಫಾಲ್ ಅಪಾರ್ಟ್'. ಚಿಕ್ಕದು, ಸರಳ ಭಾಷೆ. ಅದಾದ ಮೇಲೆ ನೇರ 'ಎಫುರು' ಓದಿ. ಅದೇ ನಾಡನ್ನು ಇನ್ನೊಂದು ಕಡೆಯಿಂದ ನೋಡಿದ ಹಾಗಾಗುತ್ತದೆ. ಆಮೇಲೆ 'ದ ಜಾಯ್ಸ್ ಆಫ್ ಮದರ್‌ಹುಡ್'. 'ಆ್ಯರೋ ಆಫ್ ಗಾಡ್' ಶುರುವಿನಲ್ಲಿ ನಿಧಾನ, ಹೆಸರುಗಳು ಜಾಸ್ತಿ. ಮೊದಲ ಐವತ್ತು ಪುಟ ತಾಳ್ಮೆಯಿಂದ ಓದಿ. ಹೆಸರುಗಳು ತಲೆಯಲ್ಲಿ ಉಳಿಯದಿದ್ದರೆ ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೇ ಇಟ್ಟುಕೊಳ್ಳಿ.